ಹೊಳೆ ದಾಟಿದ ಮುದುಕ

ತನ್ನ ಮುದುಕನನ್ನು ಪ್ರಕಾಶ ಹೇಳದೆ ಕೇಳದೆ ಕೆಡಿಸಿದ ಎಂಬ ಸಿಟ್ಟು ಕಾಸರಕೋಡಿನ ದೇವುವಿಗೆ ಇವತ್ತಿಗೂ ಇಳಿದಿಲ್ಲ. ಎಷ್ಟೋ ಮಳೆಗಾಲ ಕಳೆಯಿತು. ಹೆದ್ದಾರಿ ಅಗಲವಾಯಿತು, ಹೊನ್ನಾವರದಲ್ಲಿ ಪ್ರಕಾಶನ ಅಂಗಡಿಯಿದ್ದ ಸಾಲಿಗೆ ಸಾಲೇ ಹೋಯಿತು, ಅಂಗಡಿ ಇದ್ದ ಜಾಗದ ಮೇಲೆ ಈಗ ಲಾರಿಗಳು ಓಡುತ್ತವೆ. ಸಿಟ್ಟು ಮಾತ್ರ ಇಟ್ಟಲ್ಲೇ ಇದೆ.

ಮುದುಕ ಅಂದರೆ ದೇವುವಿನ ಅಪ್ಪನೂ ಅಲ್ಲ, ಅಜ್ಜನೂ ಅಲ್ಲ. ಉಸಿರಾಡುವ ಮನುಷ್ಯನೇ ಅಲ್ಲ. ಕಂಪ್ಯೂಟರಿನ ಒಂದು ಆಟದಲ್ಲಿ ದೇವು ಕಟ್ಟಿಕೊಂಡ ವೇಷ ಅದು. ಬಿಳಿ ಗಡ್ಡ, ಬಾಗಿದ ಬೆನ್ನು, ಕೈಯಲ್ಲಿ ದೋಣಿ ತಳ್ಳುವ ಒಂದು ಗಳ. ಇಷ್ಟಕ್ಕೆ ಐವತ್ತರ ಹತ್ತಿರ ಬಂದ ಗಂಡಸು ತನ್ನ ಒಬ್ಬನೇ ಗೆಳೆಯನ ಮೇಲೆ ವರ್ಷಗಟ್ಟಲೆ ಮುನಿಸಿಕೊಂಡು ಕೂತಿದ್ದಾನೆ ಅಂದರೆ ನಗು ಬರಬಹುದು. ನಗುವವರು ನಗಲಿ. ಪೂರ್ತಿ ಕೇಳಿ ಆಮೇಲೆ ನಗಲಿ.

ದೇವು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ತಾನು ಮಾಡದ ತಪ್ಪಿಗೆ ಮಾಸ್ತರರು ಹೊಡೆದರೆಂದು ಪಾಟಿಯನ್ನು ಗೋಡೆಗೆ ಅಪ್ಪಳಿಸಿ ಮನೆಗೆ ಬಂದ, ಮತ್ತೆ ಹೋಗಲಿಲ್ಲ. ಅಪ್ಪನ ಜೊತೆ ದೋಣಿಗೆ ಹೋದ. ಅಪ್ಪ ತೀರಿಕೊಂಡ ಮೇಲೆ ಬೇರೆಯವರ ಬೋಟಿಗೆ ಹೋದ. ಅಲ್ಲಿ ಬೋಟು ನಡೆಸುವ ತಾಂಡೇಲನ ಜೊತೆ ನಡುನೀರಿನಲ್ಲೇ ಜಗಳವಾಯಿತು, ದಡಕ್ಕೆ ಬಂದವನು ಆ ಬೋಟು ಹತ್ತಲಿಲ್ಲ, ಬೇರೆ ಬೋಟಿನವರು ಕರೆಯಲಿಲ್ಲ. ಕಡೆಗೆ ಬಂದರಿನ ಐಸ್ ಫ್ಯಾಕ್ಟರಿಗೆ ಸೇರಿದ. ಐಸ್ ಗಡ್ಡೆಗಳನ್ನು ಇಕ್ಕಳದಲ್ಲಿ ಎಳೆದು ತಂದು ಪುಡಿ ಮಾಡುವ ಮಿಶಿನ್ನಿಗೆ ಹಾಕುವ ಕೆಲಸ. ಗಡ್ಡೆ ತಿರುಗಿ ಮಾತಾಡುವುದಿಲ್ಲ, ಹಾಗಾಗಿ ಆ ಕೆಲಸ ಉಳಿಯಿತು.

ಮದುವೆಯೂ ಹಾಗೇ ತಪ್ಪಿತು. ಹಳದೀಪುರದ ಕಡೆ ಒಂದು ಹೆಣ್ಣು ಗೊತ್ತಾಗಿತ್ತು. ಮಾತುಕತೆಯ ದಿನ ಹುಡುಗಿಯ ಸೋದರಮಾವ, "ಐಸ್ ಹೊರುವವನಿಗೆ ಇಷ್ಟು ಗತ್ತಾ?" ಎಂದು ತಮಾಷೆ ಮಾಡಿದ. ದೇವು ಎಲೆಯ ಮುಂದಿನಿಂದ ಎದ್ದು ಬಂದ. ಅವನ ಅವ್ವ ಹೋಗಿ ಸಮಾಧಾನ ಮಾಡಿ ಬರುತ್ತೇನೆಂದಳು, ಇವನು ಬಿಡಲಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಬ್ಬನೇ. ತಂಗಿ ಕಮಲಿ ಭಟ್ಕಳದ ಆಚೆ ತೆಂಗಿನಗುಂಡಿಯಲ್ಲಿ ಗಂಡನ ಮನೆಯಲ್ಲಿದ್ದಳು. ಸಿಟ್ಟಿನವನ ಹಣೆಬರಹವೇ ಹೀಗೆ. ಮೊದಲು ಎಲ್ಲರೂ ಜಗಳ ಮಾಡುತ್ತಾರೆ, ಆಮೇಲೆ ಜಗಳ ಮಾಡಲೂ ಯಾರೂ ಬರುವುದಿಲ್ಲ. ಫ್ಯಾಕ್ಟರಿಯಲ್ಲಿ ಅವನು ಕೂಗಾಡಿದರೆ ಜನ ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದರು.

ಮೀನುಗಾರಿಕೆ ಬಂದ್ ಇರುವ ಮಳೆಗಾಲದಲ್ಲಿ ಐಸ್ ಫ್ಯಾಕ್ಟರಿಗೂ ಬೀಗ. ಅಂಥ ಒಂದು ಜೂನ್ ತಿಂಗಳಲ್ಲಿ ಆಧಾರ್ ಕಾರ್ಡಿಗೆ ಮೊಬೈಲ್ ನಂಬರ್ ಸೇರಿಸಲೆಂದು ದೇವು ಪ್ರಕಾಶನ ಅಂಗಡಿಗೆ ಹೋದ. ಪ್ರಕಾಶನೂ ಕಾಸರಕೋಡಿನವನೇ, ದೇವುವಿನ ಓರಗೆಯವನೇ. ಇಬ್ಬರ ಅಪ್ಪಂದಿರ ದೋಣಿಗಳು ಮಳೆಗಾಲದಲ್ಲಿ ಒಂದೇ ತೆಂಗಿನ ಮಡಲಿನ ಚಪ್ಪರದಡಿ ಮಲಗುತ್ತಿದ್ದವು. ಪ್ರಕಾಶ ಪಿಯುಸಿ ಓದಿ ಸಮುದ್ರದ ಸಹವಾಸ ಬೇಡವೆಂದು ಹೊನ್ನಾವರ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಹಾಕಿದ್ದ. ಎರಡು ಕಂಪ್ಯೂಟರು, ಅರ್ಜಿ ತುಂಬುವ ಕೆಲಸ.

"ಸರ್ವರ್ ಇಲ್ಲ. ಕೂತ್ಕ," ಎಂದ ಪ್ರಕಾಶ.

"ಯಾವಾಗ ಬರ್ತದೆ?"

"ಅದನ್ನ ಸರ್ವರಿಗೇ ಕೇಳು ಮಾರಾಯ."

ಸರ್ವರ್ ಬರುವ ತನಕ ಪ್ರಕಾಶ ಮೂಲೆಯ ಕಂಪ್ಯೂಟರಿನಲ್ಲಿ ಆಟ ತೆಗೆದ. ಗುಡ್ಡ, ಕಾಡು, ನಡುವೆ ಒಂದು ದೊಡ್ಡ ಹೊಳೆ. ಪ್ರಕಾಶನ ವೇಷ ಒಬ್ಬ ವೀರ, ಮೈತುಂಬ ಕಬ್ಬಿಣ. ಅವನು ಹೊಳೆ ದಾಟಲು ದೋಣಿ ಹತ್ತಿದ. ದೇವು ಬಗ್ಗಿ ನೋಡಿದ.

"ಆ ದೋಣಿ ತಳ್ಳುವವ ಯಾರು?"

"ಅಂವ ಯಾರೂ ಅಲ್ಲ. ದಾಟಿಸ್ತಾ, ಅಷ್ಟೇ."

"ಗಳ ತಪ್ಪು ಹಿಡ್ಕಂಡಿದಾ. ಹಂಗೆ ಹಿಡಿದ್ರೆ ಸೊಂಟ ಹೋಗ್ತದೆ."

ಪ್ರಕಾಶ ತಿರುಗಿ ಅವನ ಮುಖ ನೋಡಿದ. ಸರ್ವರ್ ಸಂಜೆಯ ತನಕ ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಂಪ್ಯೂಟರಿನಲ್ಲಿ ದೇವುವಿಗೂ ಒಂದು ವೇಷ ಕಟ್ಟುವ ಮಾತಾಯಿತು. ಆ ಆಟದಲ್ಲಿ ಹಾಗೆ. ಮೊದಲು ಮನುಷ್ಯನನ್ನು ಕಟ್ಟಬೇಕು. ಕೈಗೆ ಒಂದಿಷ್ಟು ಅಂಕ ಕೊಡುತ್ತಾರೆ, ಅದನ್ನು ಬಲ, ಚುರುಕು, ತಾಳಿಕೆ, ಬುದ್ಧಿ, ಮಾತು ಎಂದು ಹಂಚಬೇಕು. ಯಾವುದಕ್ಕೆ ಹೆಚ್ಚು ಹಾಕಿದೆಯೋ ಮನುಷ್ಯ ಹಾಗೆ ಬೆಳೆಯುತ್ತಾನೆ.

"ನನ್ನ ಕೇಳಿದ್ರೆ ಮುಕ್ಕಾಲು ಪಾಲು ಬಲಕ್ಕೆ, ಉಳಿದದ್ದು ತಾಳಿಕೆಗೆ," ಎಂದ ಪ್ರಕಾಶ. "ಮಾತಿಗೆ ಒಂದೂ ಬೇಡ. ದಂಡ ಅದು. ಲೆಕ್ಕ ಹಾಕಿ ನೋಡಿದವರು ಎಲ್ಲಾ ಹಂಗೇ ಹೇಳ್ತಾರೆ."

"ಮಾತಿಗೆ ಹಾಕು."

"ಎಷ್ಟು?"

"ಎಲ್ಲಾ."

"ನೀನಾ? ಮಾತಿಗಾ?" ಪ್ರಕಾಶ ನಕ್ಕ ರಭಸಕ್ಕೆ ಕುರ್ಚಿ ಹಿಂದೆ ಸರಿದು ಝೆರಾಕ್ಸ್ ಮಿಶಿನ್ನಿಗೆ ತಾಗಿತು. "ತಾಂಡೇಲಗೆ ಗೊತ್ತಾದ್ರೆ ಎದೆ ಒಡ್ಕಂಡು ಸಾಯ್ತ."

"ಹಾಕ್ತ್ಯಾ, ಎದ್ದು ಹೋಗ್ಲಾ?"

ಪ್ರಕಾಶ ಹಾಕಿದ. ಹೀಗೆ ಮುದುಕ ಹುಟ್ಟಿದ. ಬಲವಿಲ್ಲ, ಓಡಲಾರ, ಒಂದು ತೋಳ ಮೈಮೇಲೆ ಬಂದರೆ ಕತೆ ಮುಗಿಯಿತು. ಬಾಯಿ ತೆರೆದರೆ ಮಾತ್ರ ಎಂಥವರೂ ನಿಂತು ಕೇಳುತ್ತಾರೆ. ದೇವುವಿನಲ್ಲಿ ಏನೇನು ಇರಲಿಲ್ಲವೋ ಅದೆಲ್ಲ ಮುದುಕನಲ್ಲಿ ಇತ್ತು.

ಆದರೆ ಆಟದ ಮಾತೆಲ್ಲ ಇಂಗ್ಲಿಷು. ತೆರೆಯ ಮೇಲೆ ಬರೆದು ಬರುತ್ತದೆ, ಓದಬೇಕು. ದೇವುವಿಗೆ ಕನ್ನಡವೇ ಕೂಡಿಸಿ ಕೂಡಿಸಿ ಬರುವುದು. ಹಾಗಾಗಿ ಪ್ರಕಾಶ ಓದಬೇಕಾಯಿತು. ಅಲ್ಲೂ ಮೊದಲ ದಿನವೇ ತಕರಾರು. ಪ್ರಕಾಶನಿಗೆ ಮಾತು ಓದುವ ಅಭ್ಯಾಸವೇ ಇಲ್ಲ. ಎದುರು ಯಾರಾದರೂ ಬಾಯಿ ತೆರೆದರೆ ಟಕಟಕ ಗುಂಡಿ ಒತ್ತಿ ಮುಂದೆ ಹೋಗುವವನು.

"ಆ ಹೆಂಗಸು ಎಂತ ಹೇಳ್ದ್ಲು?" ದೇವು ಕೇಳಿದ.

"ಎಂತದೋ ಬಾವಿ ಕತೆ."

"ನಿಂಗೆ ಹೇಳುಕೇ ಅಂತ ಆ ಬಿಸ್ಲಲ್ಲಿ ನಿಂತ್ಕಂಡಿದ್ಲು. ಎಂತದೋ ಅಂದ್ರೆ ಹೆಂಗೆ? ಹಿಂದೆ ಹೋಗು. ಓದು."

ಪ್ರಕಾಶ ಗೊಣಗುತ್ತ ಓದಿದ. ಆ ಮಳೆಗಾಲವಿಡೀ ಓದಿದ, ಮರುವರ್ಷವೂ ಓದಿದ. ಊಟದ ಹೊತ್ತಿಗೆ ಶಟರ್ ಅರ್ಧ ಎಳೆದರೆ ಮತ್ತೆ ಅಂಗಡಿ ತೆರೆಯುವ ತನಕ ಅವರದೇ ರಾಜ್ಯ. ಪ್ರಕಾಶ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದ, ಬರಬರುತ್ತ ದನಿಯನ್ನೂ ಬದಲಿಸತೊಡಗಿದ. ಆಟದ ರಾಣಿ ಬ್ಯಾಂಕಿನ ಕೌಂಟರಿನ ಮೇಡಮ್ಮಿನ ದನಿಯಲ್ಲಿ "ನಾಳೆ ಬನ್ನಿ" ಎನ್ನುತ್ತಿದ್ದಳು. ವ್ಯಾಪಾರಿಗಳು ಬಂದರಿನಲ್ಲಿ ಮೀನು ಹರಾಜು ಕೂಗುವವರ ಹಾಗೆ ಕೂಗುತ್ತಿದ್ದರು. ದೇವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ನಗುವುದನ್ನು ನೋಡಿದವರು ಹೊನ್ನಾವರ ತಾಲೂಕಿನಲ್ಲೇ ಕಡಿಮೆ.

ಇಬ್ಬರ ಆಟದ ರೀತಿಗೆ ಅಜಗಜಾಂತರ. ಪ್ರಕಾಶನ ವೀರ ಯಾವ ಊರಿಗೆ ಹೋದರೂ ಮನೆಮನೆ ಹೊಕ್ಕು ಮಡಕೆ ಒಡೆದು ಒಳಗಿದ್ದದ್ದನ್ನು ಚೀಲಕ್ಕೆ ತುಂಬುತ್ತಿದ್ದ. ಒಂದೇ ಗುಹೆಗೆ ಹೊಕ್ಕು ಅದೇ ತೋಳವನ್ನು ಕೊಂದು, ಹೊರಬಂದು, ಅದು ಮತ್ತೆ ಹುಟ್ಟಿದ ಮೇಲೆ ಮತ್ತೆ ಕೊಂದು ಅಂಕ ಬೆಳೆಸುತ್ತಿದ್ದ. ಯಾವ ಕತ್ತಿಗೆ ಯಾವ ಉಂಗುರ ಸೇರಿಸಿದರೆ ಏಟು ಎಷ್ಟು ಹೆಚ್ಚುತ್ತದೆ ಎಂದು ಮೊಬೈಲಿನಲ್ಲಿ ವೀಡಿಯೋ ನೋಡಿ ಕಲಿಯುತ್ತಿದ್ದ. ಮುದುಕ ಯಾರ ಮನೆಗೂ ಕರೆಯದೆ ಹೋಗುತ್ತಿರಲಿಲ್ಲ. ಕತ್ತಲಾದರೆ ಮಲಗುತ್ತಿದ್ದ. ಹೊಳೆಯಲ್ಲಿ ನೀರು ಏರಿದರೆ ಇಳಿಯುವ ತನಕ ದಡದಲ್ಲಿ ಕೂರುತ್ತಿದ್ದ.

"ಆ ಮಡಕೇಲಿ ಬಂಗಾರ ಅದೆ ಮಾರಾಯ, ತಗ. ಯಾರೂ ಎಂತ ಹೇಳುದಿಲ್ಲ. ಆಟ ಇದು."

"ಅವರ ಮನೆ ಮಡಕೆ ನಂಗೆಂತಕೆ?"

"ಹಿಂಗಾದ್ರೆ ನೀ ಮುಂದೆ ಹೋಗುದೇ ಇಲ್ಲ."

"ಮುಂದೆ ಹೋಗಿ ಎಂತ ಅದೆ?"

ಪ್ರಕಾಶ ಹಣೆ ಚಚ್ಚಿಕೊಂಡ. ಅವನು ಕೆಟ್ಟವನೇನಲ್ಲ. ಕೆಲವರಿಗೆ ಅದೊಂದು ರೋಗ. ಎದುರು ಏನಿದ್ದರೂ ಅದನ್ನು ಇನ್ನಷ್ಟು ಗಟ್ಟಿ ಮಾಡಬೇಕು, ಇನ್ನಷ್ಟು ಬೇಗ ಓಡಿಸಬೇಕು. ಇದ್ದದ್ದು ಇದ್ದ ಹಾಗೆ ಯಾಕಿದೆ ಎಂದು ಕೇಳುವಷ್ಟು ಪುರಸೊತ್ತು ಅವರಿಗಿಲ್ಲ.

ಮುದುಕನ ಜೊತೆ ಇದ್ದು ಇದ್ದು ದೇವುವಿಗೂ ಏನೋ ಆಗತೊಡಗಿತು. ಒಂದು ಸಲ ಫ್ಯಾಕ್ಟರಿಯಲ್ಲಿ ಮೀನಿನ ಲಾರಿಯ ಡ್ರೈವರ್ ಒಬ್ಬ ಐಸ್ ತಡವಾಯಿತೆಂದು ದೇವುವಿನ ಅವ್ವನ ಹೆಸರೆತ್ತಿ ಬೈದ. ಸುತ್ತಲಿದ್ದವರು ಇಕ್ಕಳ ಎಲ್ಲಿ ಹಾರುತ್ತದೋ ಎಂದು ಹಿಂದೆ ಸರಿದರು. ದೇವು ಇಕ್ಕಳ ಕೆಳಗಿಟ್ಟು, "ಎಲ್ಲಿಂದ ಬಂದೆ ತಮ್ಮ? ಊಟ ಆತಾ?" ಎಂದು ಕೇಳಿದ. ಅದು ಮುದುಕನ ಮಾತು. ಜಗಳಕ್ಕೆ ಬಂದವರನ್ನು ಮುದುಕ ಮೊದಲು ಹಾಗೇ ಕೇಳುತ್ತಿದ್ದ. ಡ್ರೈವರ್ ತಬ್ಬಿಬ್ಬಾಗಿ, "ಮಂಗಳೂರಿಂದ. ಆಗ್ಲಿಲ್ಲ," ಎಂದ. ಆಮೇಲೆ ಇಬ್ಬರೂ ಗೋಡೆಗೆ ಒರಗಿ ಬೀಡಿ ಸೇದಿದರು. ಈ ಸಂಗತಿಯನ್ನು ದೇವು ಪ್ರಕಾಶನಿಗೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಮೂರನೆಯ ಮಳೆಗಾಲದಲ್ಲಿ ಮುದುಕ ಒಂದು ಕಡೆ ಸಿಕ್ಕಿಬಿದ್ದ. ಹೊಳೆಯ ತಿರುವಿನಲ್ಲಿ ಒಬ್ಬ ದರೋಡೆಕೋರ ತನ್ನ ಬಂಟರ ಜೊತೆ ದಾರಿ ಕಟ್ಟಿ ಕೂತಿದ್ದ. ಯಾವ ದೋಣಿಯನ್ನೂ ಆಚೆ ಬಿಡುವವನಲ್ಲ. ಮುದುಕ ಮಾತಾಡಿ ನೋಡಿದ, ಕೊಡಲಿ ಬಿತ್ತು. ಬೇರೆ ಥರ ಮಾತಾಡಿದ, ಆಗಲೂ ಬಿತ್ತು. ಸತ್ತರೆ ಮತ್ತೆ ಈಚೆ ದಡದಿಂದ ಶುರು. ದಿನಾ ಶಟರ್ ಎಳೆಯುವುದು, ಮುದುಕ ಹೋಗುವುದು, ಸಾಯುವುದು.

"ಇಲ್ಲಿ ಹೊಡಿಯುಕೇ ಬೇಕು," ಎಂದ ಪ್ರಕಾಶ. "ನಿನ್ನ ಮುದುಕನತ್ರ ಆಗುದಲ್ಲ. ಕಟ್ಟುವಾಗಲೇ ತಪ್ಪಿತು, ನಾ ಅವತ್ತೇ ಹೇಳಿದ್ದೆ."

ದೇವು ಬೇರೆಯದೇ ಒಂದು ಗಮನಿಸಿದ್ದ. ಕೊಡಲಿ ಎತ್ತುವ ಮೊದಲು ಆ ದರೋಡೆಕೋರ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದ. ದೋಣಿಯಲ್ಲಿ ಯಾರಿದ್ದಾರೆ? ಪ್ರಕಾಶ ಅದನ್ನು ಬೆದರಿಕೆಯ ದನಿಯಲ್ಲಿ ಓದುತ್ತಿದ್ದ. ಕೊಲ್ಲುವವನಿಗೆ ದೋಣಿಯಲ್ಲಿ ಯಾರಿದ್ದರೇನು? ಇವನು ಯಾರನ್ನೋ ಕಾಯುತ್ತಿದ್ದಾನೆ ಎಂದು ದೇವುವಿಗೆ ಅನ್ನಿಸಿತು. ಅವ್ವ ಇದ್ದಾಗ ಸಂಜೆ ದಡದಲ್ಲಿ ನಿಂತು ಬಂದ ಬಂದ ಬೋಟಿಗೆಲ್ಲ ಹೀಗೇ ಕೂಗಿ ಕೇಳುತ್ತಿದ್ದಳು. ಹೊಳೆಯ ಮೇಲ್ಗಡೆಯ ಊರುಗಳಲ್ಲಿ ಹುಡುಕಿದರೆ ಆ ಮನುಷ್ಯ ಕಾಯುತ್ತಿರುವವರು ಯಾರೋ ಸಿಗುತ್ತಾರೆ, ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಬರಬೇಕು. ಇದನ್ನು ಪ್ರಕಾಶನಿಗೆ ನಾಳೆ ಹೇಳೋಣ ಎಂದುಕೊಂಡ.

ಆ ನಾಳೆ ತೆಂಗಿನಗುಂಡಿಯಿಂದ ಫೋನು ಬಂತು. ಕಮಲಿಯ ಗಂಡ ದಡದ ಮೇಲೆ ಬೋಟು ಎಳೆಯುವಾಗ ಕಾಲು ಮುರಿದುಕೊಂಡಿದ್ದ. ದೇವು ಓಡಿದ. ಭಟ್ಕಳದ ಆಸ್ಪತ್ರೆಗೂ ತೆಂಗಿನಗುಂಡಿಗೂ ತಿರುಗುತ್ತ ಜುಲೈ ಮುಗಿಯುತ್ತ ಬಂತು. ಬಾವನ ಮಂಚದ ಪಕ್ಕ ಕೂತಾಗ ಅವನ ತಲೆಯಲ್ಲಿ ಹೊಳೆಯ ತಿರುವೇ.

"ಎಂತ ಯೋಚನೆ ಅಣ್ಣ?" ಎಂದು ಕಮಲಿ ಕೇಳಿದಳು. ಅವನು ಹೇಳಿದ.

"ಕಂಪ್ಯೂಟರ್‍ನಲ್ಲಿ ಕೂತು ಮುದುಕ ಆಗ್ಬೇಕಾ ನೀನು? ಕನ್ನಡೀಲಿ ನೋಡ್ಕ. ಪುಕ್ಕಟೆ ಕಾಣ್ತಾ ಅಂವ," ಎಂದು ಅವಳು ಗಂಜಿ ಬಸಿಯಲು ಎದ್ದಳು. ಹೋಗುತ್ತ ತಿರುಗಿ, "ಹೌದಾ, ಅಂವ ಯಾರನ್ನ ಕಾಯ್ತಿದ್ದಾ?" ಎಂದಳು.

"ಗೊತ್ತಿಲ್ಲ. ಹೋಗಿ ನೋಡ್ಬೇಕು."

ಹೊನ್ನಾವರಕ್ಕೆ ಬಂದವನು ಮನೆಗೂ ಹೋಗದೆ ಸೀದಾ ಅಂಗಡಿಗೆ ಹೋದ. ಪ್ರಕಾಶ ಅವನನ್ನೇ ಕಾಯುತ್ತಿದ್ದವನ ಹಾಗೆ ಎದ್ದು ಶಟರ್ ಎಳೆದ. ಮುಖದ ತುಂಬ ನಗು. "ಕೂತ್ಕ. ಒಂದು ತೋರಿಸ್ತೇನೆ."

ತೆರೆಯ ಮೇಲೆ ಮುದುಕ ಹೊಳೆಯ ಆಚೆ ದಡದಲ್ಲಿ ನಿಂತಿದ್ದ. ಗಡ್ಡ ಮಾತ್ರ ಅವನದು. ಮೈಗೆ ಕಬ್ಬಿಣದ ಅಂಗಿ, ಕೈಯಲ್ಲಿ ಆಳೆತ್ತರದ ಕೊಡಲಿ. ಅದು ದರೋಡೆಕೋರನ ಕೊಡಲಿ. ದೋಣಿಯ ಗಳ ಚೀಲದಲ್ಲಿರಲಿಲ್ಲ.

"ಎಲ್ಲಾ ಬದಲು ಮಾಡ್ದೆ," ಎಂದ ಪ್ರಕಾಶ. "ಮಾತಿನ ಅಂಕ ಎಲ್ಲಾ ತೆಗ್ದು ಬಲಕ್ಕೆ ಹಾಕ್ದೆ. ಈಗ ನಿನ್ನ ಮುದುಕನ ಎದುರು ನನ್ನ ವೀರನೂ ನಿಲ್ಲುದಿಲ್ಲ. ಆ ಕಳ್ಳ ಮೂರು ಏಟಿಗೆ ಮಲ್ಗಿದ, ಬಂಟರು ಒಬ್ರೂ ಉಳಿಲಿಲ್ಲ."

ದೇವು ಮೌಸ್ ಹಿಡಿದು ಮುದುಕನನ್ನು ದಾರಿಯಲ್ಲಿ ನಿಂತ ಒಬ್ಬ ಹೆಂಗಸಿನ ಹತ್ತಿರ ನಡೆಸಿದ. ಮೊದಲೆಲ್ಲ ಮುದುಕ ಎದುರು ನಿಂತರೆ ಆಡಬಹುದಾದ ಮಾತುಗಳು ಸಾಲಾಗಿ ತೆರೆಯ ಮೇಲೆ ಬರುತ್ತಿದ್ದವು. ಈಗ ಎರಡೇ ಬಂದವು.

"ಎಂತ ಅದೆ ಅಲ್ಲಿ? ಓದು."

"'ಹೊಡಿ' ಅಂತ ಅದೆ. ಇನ್ನೊಂದು 'ಹೋಗು' ಅಂತ."

"ಮತ್ತೆ?"

"ಮತ್ತೆ ಎಂತ ಇಲ್ಲ. ಮಾತಿಗೆ ಅಂಕ ಇಲ್ಲ ಅಲ್ದಾ."

ದೇವು ಮೌಸಿನಿಂದ ಕೈ ತೆಗೆದ. "ಆ ಕಳ್ಳ ಯಾರನ್ನ ಕಾಯ್ತಿದ್ದಾ?"

"ಯಾವ ಕಳ್ಳ?"

"ನೀ ಕೊಂದವ. ದೋಣೀಲಿ ಯಾರಿದ್ದಾರೆ ಅಂತ ಕೇಳ್ತಿದ್ನಲ್ಲ ದಿನಾ. ಯಾರನ್ನ ಕಾಯ್ತಿದ್ದಾ ಅಂತ ಇನ್ನು ನಾ ಹೆಂಗೆ ತಿಳ್ಕಂಬುದು?"

ಪ್ರಕಾಶನ ಮುಖ ಇಳಿಯಿತು. ಹಳೆಯದನ್ನು ತಿರುಗಿ ತರಲು ಬರುವುದಿಲ್ಲ, ಆಟ ಉಳಿಸಿಡುವಾಗ ಹಳೆಯದರ ಮೇಲೇ ಹೊಸದು ಕೂತಿತ್ತು. "ಮೊದಲಿಂದ ಆಡ್ವಾ," ಎಂದ. "ಹೊಸ ಮುದುಕನ್ನ ಕಟ್ವಾ. ನಾ ಎಲ್ಲಾ ಮತ್ತೆ ಓದ್ತೇನೆ."

"ನಿಂಗೆ ಯಾರು ಮುಟ್ಟುಕೆ ಹೇಳಿದ್ದು?"

"ಎಣ್ಣೆ ಹಚ್ಚಿಟ್ಟೆ ಮಾರಾಯ, ಅಷ್ಟೇ. ನೀ ಊರಲ್ಲಿ ಇರ್ಲಿಲ್ಲ. ನಮ್ಮ ಅಪ್ಪದೀರು ಕೇಳಿ ಹಚ್ತಿದ್ರಾ?"

ಕಾಸರಕೋಡಿನಲ್ಲಿ ಆ ಪದ್ಧತಿ ಇತ್ತು. ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದು ಹಲಗೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಾರೆ, ಹುಳ ತಿನ್ನಬಾರದೆಂದು. ಪಕ್ಕದ ದೋಣಿಯವನು ಊರಲ್ಲಿ ಇಲ್ಲದಿದ್ದರೆ, ಮೈಯಲ್ಲಿ ಹುಷಾರಿಲ್ಲದಿದ್ದರೆ, ಅವನ ದೋಣಿಗೂ ಹಚ್ಚಿಬಿಡುತ್ತಾರೆ. ಕೇಳುವುದಿಲ್ಲ, ಹಚ್ಚಿದ ಮೇಲೆ ಹೇಳುವುದೂ ಇಲ್ಲ. ಆ ಎಣ್ಣೆ ತಾಗಿದರೆ ಕೈಯ ಚರ್ಮ ಸುಟ್ಟು ಏಳುತ್ತದೆ. ಪ್ರೀತಿಯಿದ್ದವರೇ ಅದನ್ನು ಇನ್ನೊಬ್ಬರಿಗಾಗಿ ಮಾಡುವುದು. ದೇವುವಿನ ಅಪ್ಪ ಪ್ರಕಾಶನ ಅಪ್ಪನ ದೋಣಿಗೂ, ಅವನು ಇವನ ದೋಣಿಗೂ ಹಾಗೆ ಎಷ್ಟೋ ಸಲ ಹಚ್ಚಿದ್ದರು.

"ಎಣ್ಣೆ ಹಚ್ಚುದು ಬೇರೆ," ಎಂದ ದೇವು. ಅವನ ದನಿ ಏರಲಿಲ್ಲ, ಅದೇ ಪ್ರಕಾಶನಿಗೆ ಹೆದರಿಕೆಯಾದದ್ದು. "ಹಲಗೆ ಕಿತ್ತು ಬೇರೆ ದೋಣಿ ಮಾಡುದು ಬೇರೆ. ನೀ ಮಾಡಿದ್ದು ಎರಡನೇದು."

"ದೇವು, ಅದು ಆಟ."

"ನಿಂಗೆ ಆಟ."

ಶಟರ್ ತಾನೇ ಎತ್ತಿ ಹೊರಗೆ ಬಂದ. ಹೊರಗೆ ಝೆರಾಕ್ಸಿಗೆ ಕಾಯುತ್ತಿದ್ದವರು ದಾರಿ ಬಿಟ್ಟರು. ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದವು, ಫ್ಯಾಕ್ಟರಿ ಶುರುವಾಯಿತು, ದೇವು ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಪೇಟೆಗೆ ಹೋಗಬೇಕಾದರೆ ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದ. ಪ್ರಕಾಶ ಒಂದೆರಡು ಸಲ ಫೋನ್ ಮಾಡಿದ, ಇವನು ಎತ್ತಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಏನು ಮಾಡುವುದೆಂದೇ ದೇವುವಿಗೆ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಅಂಗಳದ ತನಕ ಬರುತ್ತಿದ್ದ, ಎಲ್ಲಿಗೆ ಹೊರಟೆ ಎಂದು ನೆನಪಾಗಿ ತಿರುಗಿ ಒಳಗೆ ಹೋಗುತ್ತಿದ್ದ. ಯಾವ ಡ್ರೈವರನನ್ನೂ ಊಟವಾಯಿತಾ ಎಂದು ಕೇಳಲಿಲ್ಲ. ಹಳೆಯ ಸಿಟ್ಟೆಲ್ಲ ವಾಪಸು ಬಂತು. ಸ್ವಲ್ಪ ಹೆಚ್ಚೇ ಬಂತು.

ಹೆದ್ದಾರಿ ಅಗಲ ಮಾಡುವವರು ಅಂಗಡಿಸಾಲು ಒಡೆದ ವರ್ಷ, ಪ್ರಕಾಶನ ಹೆಂಡತಿ ಸುಪ್ರಿಯಾ ಒಂದು ಆಟೋದಲ್ಲಿ ದೇವುವಿನ ಮನೆಗೆ ಬಂದಳು. ಹಳೆಯ ಸೀರೆಯಲ್ಲಿ ಸುತ್ತಿದ ಕಂಪ್ಯೂಟರನ್ನು ಆಟೋದವನೂ ಅವಳೂ ಸೇರಿ ಜಗಲಿಯಲ್ಲಿ ಇಳಿಸಿದರು.

"ಇದರಲ್ಲಿ ನಿಮ್ಮ ಮುದುಕ ಇದ್ದಾನಂತೆ ದೇವಣ್ಣ. ಕೊಟ್ಟು ಬಾ ಅಂದ್ರು."

"ಅಂವ ಎಲ್ಲಿ?"

"ಕುಮಟೆಗೆ ಹೋಗಿದಾರೆ, ಬಾಡಿಗೆ ಮನೆ ನೋಡುಕೆ. ನಂಗೆ ಅಲ್ಲಿ ನರ್ಸರಿ ಶಾಲೇಲಿ ಕೆಲಸ ಸಿಕ್ತು. ಅವರೂ ಅಲ್ಲೇ ಯಾರದೋ ಅಂಗಡೀಲಿ ನಿಲ್ತಾರೆ." ಅವಳು ಜಗಲಿಯ ಕಂಬಕ್ಕೆ ಒರಗಿದಳು. "ಇನ್ನೊಂದು ಕಂಪ್ಯೂಟರ್ ಗುಜರಿಗೆ ಹೋತು. ಅವರ ವೀರನೂ ಅದರ ಜೊತೆ ಹೋದ."

"ಹೋದ್ರೆ ಹೋಗ್ಲಿ. ಅಂವ ಗಟ್ಟಿ ಇದ್ನಲ್ಲ, ಗುಜರೀಲೂ ಬದುಕ್ತ."

"ಎಂತ ಗಟ್ಟಿ? ಅವನನ್ನ ಎಲ್ಲೋ ಲೆಕ್ಕ ತಪ್ಪಿ ಬೆಳೆಸಿದ್ರಂತೆ. ಸರಿ ಮಾಡುಕೆ ಒಂದು ಕಲ್ಲು ಬೇಕಂತೆ ಆಟದಲ್ಲಿ, ಮನುಷ್ಯನನ್ನ ಮತ್ತೆ ಹೊಸತಾಗಿ ಕಟ್ಟುವ ಕಲ್ಲು. ಅದು ಒಂದೇ ಸಿಗುದಂತೆ. ಅದಕ್ಕೇ ವರ್ಷಗಟ್ಟಲೆ ಆ ತೋಳ ಹೊಡ್ದದ್ದು ಅವರು, ನಾ ಬೈದದ್ದಕ್ಕೆ ಲೆಕ್ಕ ಇಲ್ಲ. ಸಿಕ್ಕಿತ್ತು. ಅದನ್ನ ಬೇರೆಯವರಿಗೂ ಕೊಡುಕೆ ಆಗ್ತದಂತೆ, ನಿಮ್ಮ ಮುದುಕಗೆ ಹಾಕಿದ್ರು."

ದೇವು ಕಂಪ್ಯೂಟರಿನ ಪಕ್ಕ ಜಗಲಿಯಲ್ಲೇ ಕೂತ.

"ನಿಮಗೆ ಹೇಳಿರ್ಲಿಲ್ವಾ?" ಎಂದಳು ಸುಪ್ರಿಯಾ. "ಹಂಗಾದ್ರೆ ನಾ ಹೇಳಿದ್ದು ಅಂತ ಹೇಳ್ಬೇಡಿ. ಒಂದು ಮಾತು, ದೇವಣ್ಣ. ನೀವು ಬರುವಾಗ ಅವರು ಮನೇಲೂ ಆ ದನಿ ಎಲ್ಲಾ ಮಾಡಿ ನನ್ನ ನಗಿಸ್ತಿದ್ರು. ಈಗ ಎಂತದೂ ಓದುದಿಲ್ಲ. ಪೇಪರೂ ಓದುದಿಲ್ಲ."

ಅವಳು ಹೋದ ಮೇಲೆ ದೇವು ಪಕ್ಕದ ಮನೆಯ ಶಿಶಿರನನ್ನು ಕರೆದು ವೈರು ಜೋಡಿಸಿಕೊಂಡ. ಮುದುಕ ಆಚೆ ದಡದಲ್ಲೇ ನಿಂತಿದ್ದ. ಹೊಳೆಯ ಸದ್ದು ಕೇಳಿತು. ದೇವು ಅವನನ್ನು ಜನರ ಹತ್ತಿರ ಒಯ್ಯಲಿಲ್ಲ. ಒಯ್ದರೆ ಬರುವುದು ಅವೆರಡೇ ಮಾತು, ಅವನ್ನೂ ಓದಿ ಹೇಳುವವರಿಲ್ಲ. ನೀರಿನ ಅಂಚಿನಲ್ಲಿ ಹಿಂದೆ ಮುಂದೆ ನಡೆಸಿದ, ಕತ್ತಲಾದ ಮೇಲೆ ಮಲಗಿಸಿದ. ರಜೆ ಇದ್ದಾಗಲೆಲ್ಲ ಅಷ್ಟೇ ಮಾಡತೊಡಗಿದ. ಕೊಡಲಿಯನ್ನು ಕೆಳಗೆ ಇಡಿಸಲು ನೋಡಿದ, ಯಾವ ಗುಂಡಿ ಒತ್ತಬೇಕೆಂದು ಗೊತ್ತಾಗಲಿಲ್ಲ.

ಆಮೇಲಿನ ಮಳೆಗಾಲದಲ್ಲಿ ಒಂದು ದಿನ ಅವನು ಕುಮಟೆಯ ಬಸ್ಸು ಹತ್ತಿದ. ಏನು ಹೇಳಬೇಕೆಂದು ಬಸ್ಸಿನಲ್ಲೇ ಕಟ್ಟಿಕೊಂಡ. ಮುದುಕನಾಗಿದ್ದರೆ ಹೇಗೆ ಹೇಳುತ್ತಿದ್ದ ಎಂದು ಯೋಚಿಸಿದ. ಆ ಕಲ್ಲು ನೀನು ನನ್ನ ಮುದುಕಗೆ ಹಾಕಿದ್ದು ನಂಗೆ ಗೊತ್ತಿರ್ಲಿಲ್ಲ. ಇಷ್ಟು ಹೇಳಿದರೆ ಸಾಕು. ಉಳಿದದ್ದು ತಾನಾಗಿ ಬರುತ್ತದೆ, ಶಟರ್ ಇಲ್ಲದಿದ್ದರೆ ಜಗಲಿ ಇದೆ, ವಾರಕ್ಕೊಂದು ಸಲ ಬಾ, ಓದು ಎನ್ನಬಹುದು. ಹಳದೀಪುರ ದಾಟುವಾಗ ಅದನ್ನೇ ಬಾಯೊಳಗೆ ಹೇಳಿಕೊಂಡ. ಪಕ್ಕದಲ್ಲಿ ಕೂತ ಹೆಂಗಸು ಚೀಲ ತೊಡೆಯ ಮೇಲೆ ಎಳೆದುಕೊಂಡಳು.

ಪ್ರಕಾಶ ಒಂದು ಸ್ಟೇಷನರಿ ಅಂಗಡಿಯ ಒಳಮೂಲೆಯಲ್ಲಿ ಝೆರಾಕ್ಸ್ ತೆಗೆಯುತ್ತಿದ್ದ. ಕನ್ನಡಕ ಬಂದಿತ್ತು. ದೇವುವನ್ನು ಕಂಡು ಕೈಯಲ್ಲಿದ್ದ ಹಾಳೆಯನ್ನು ಎಲ್ಲಿ ಇಡುವುದೆಂದು ಗೊತ್ತಾಗದೆ ಬೇರೆಯವರ ಕಟ್ಟಿನ ಮೇಲೆ ಇಟ್ಟ.

"ಎಂತ, ಈ ಕಡೆ?"

"ಹಿಂಗೇ. ಬಲೆ ಸಾಮಾನು ನೋಡುಕೆ."

"ನಿಂಗೆ ಎಂತ ಬಲೆ?"

"ಬಾವಗೆ."

ಎದುರಿನ ಗಾಡಿಯಲ್ಲಿ ಚಾ ಕುಡಿದರು. ಬಾವನ ಕಾಲು ಕೇಳಿದ್ದಾಯಿತು. ಬಂಗಡೆ ಕಡಿಮೆಯಾದದ್ದು, ಫ್ಯಾಕ್ಟರಿಗೆ ಹೊಸ ಮಿಶಿನ್ ಬಂದದ್ದು ಹೇಳಿದ್ದಾಯಿತು. ಬಸ್ಸಿನಲ್ಲಿ ಕಟ್ಟಿಕೊಂಡದ್ದು ದೇವುವಿನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಅದರ ಜೊತೆಗೇ ಇನ್ನೊಂದೂ ಬಂದಿತ್ತು. ನೀ ಮಾಡಿದ್ದು ತಪ್ಪು. ಅದನ್ನು ಇವನು ಮೊದಲು ಒಪ್ಪಲಿ, ಆಮೇಲೆ ನಾನು ಕಲ್ಲಿನ ಮಾತು ಎತ್ತುತ್ತೇನೆ ಎಂದು ದೇವು ಕಾದ. ಪ್ರಕಾಶನೂ ಏನೋ ಕಾಯುತ್ತಿದ್ದ. ಚಾದ ಲೋಟದಲ್ಲಿ ಬೆರಳು ಆಡಿಸುತ್ತ, ರಸ್ತೆ ನೋಡುತ್ತ ಕೇಳಿದ.

"ಸುಪ್ರಿಯಾ ಬಂದಾಗ ಎಂತಾದ್ರೂ ಹೇಳಿದ್ಲಾ? ಕಲ್ಲು ಗಿಲ್ಲು ಅಂತ?"

"ಎಂತ ಕಲ್ಲು?" ಎಂದ ದೇವು.

ಯಾಕೆ ಹಾಗೆಂದ ಎಂದು ಅವನಿಗೂ ಗೊತ್ತಿಲ್ಲ. ಸುಪ್ರಿಯಾಳ ಮಾತು ಉಳಿಸಲು ಎಂದು ಆಮೇಲೆ ತನಗೇ ಹೇಳಿಕೊಂಡ, ಅದು ನಿಜವಲ್ಲ. ಪ್ರಕಾಶ ಅವನ ಮುಖ ನೋಡಿದ. ಆ ಮುಖವನ್ನು ಅವನು ಚಿಕ್ಕಂದಿನಿಂದ ಕಂಡವನು, ಅದರಲ್ಲಿ ಸುಳ್ಳು ಇದ್ದದ್ದು ಅವನಿಗೆ ತಿಳಿಯಿತು.

"ಸುಮ್ನೆ ಕೇಳ್ದೆ," ಎಂದ. ಲೋಟ ಕೆಳಗಿಟ್ಟ. "ಮಿಶಿನ್ ಬಿಟ್ಟು ಬಂದಿದ್ದೇನೆ. ಬತ್ತೆ ಹಂಗಾದ್ರೆ."

"ಆತು."

ದೇವು ಹೊನ್ನಾವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಮಳೆ ಬರುವ ಹಾಗಿತ್ತು, ಕಂಡಕ್ಟರ್ ಕಿಟಕಿ ಎಳೆಯಲು ಹೇಳಿದ, ದೇವು ಎಳೆದ. ದಾರಿಯುದ್ದಕ್ಕೂ ಅವನಿಗೆ ಪ್ರಕಾಶನ ಮೇಲೆ ಸಿಟ್ಟೇ ಬರುತ್ತಿತ್ತು. ಜೊತೆಗೆ ಕಣ್ಣೂ ಉರಿಯುತ್ತಿತ್ತು.

ಕಾಸರಕೋಡಿನ ಪದ್ಧತಿಯಲ್ಲಿ ಇನ್ನೊಂದು ಮಾತೂ ಉಂಟು. ಎಣ್ಣೆ ಹಚ್ಚಿಸಿಕೊಂಡವನು ಮುಂದಿನ ಮಳೆಗಾಲದೊಳಗೆ ತಿರುಗಿ ಹಚ್ಚಬೇಕು. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಪ್ರಕಾಶನಿಗೆ ಈಗ ದೋಣಿಯಿಲ್ಲ, ವೀರನಿಲ್ಲ, ಓದಬೇಕಾದ ಆಟವೂ ಇಲ್ಲ. ಹಚ್ಚುವುದಾದರೂ ಯಾವುದಕ್ಕೆ ಎಂದು ದೇವು ತನಗೆ ತಾನೇ ವಾದ ಮಾಡುತ್ತಾನೆ. ಎಷ್ಟೋ ಮಳೆಗಾಲ ಆಯಿತು. ಅವನು ಹಚ್ಚಿಲ್ಲ.